ರಾಜಧಾನಿ ಹಳ್ಳಿಯಾಯಿತು, ಬೇಟೆಯ ಕಾಡು ಪಟ್ಟಣವಾಯಿತು

ಶಿಕಾರಿಪುರ ಮತ್ತು ಸೊರಬ ಶಿವಮೊಗ್ಗ ಜಿಲ್ಲೆಯ ಉತ್ತರದ ಅಂಚಿನಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ತಾಲ್ಲೂಕುಗಳು. ಅಡಿಕೆ ತೋಟ ಹಿಂದೆ ಸರಿದು ಮೆಕ್ಕೆಜೋಳದ ಹೊಲ ಎದುರಾಗುವ ಅರೆಮಲೆನಾಡು ಇದು. ಶಿಕಾರಿಪುರದ ಮಗ್ಗುಲಲ್ಲಿ ಕುಮುದ್ವತಿ ಹರಿದು ತುಂಗಭದ್ರೆಗೆ ಸೇರುತ್ತದೆ. ಸೊರಬದ ದಂಡಾವತಿ ವರದೆಗೆ ಸೇರುತ್ತದೆ. ವರದೆ ಬನವಾಸಿಯ ಕಡೆಗೆ ಸಾಗುತ್ತದೆ. ಪ್ರವಾಸಿಗರ ಪಟ್ಟಿಯಲ್ಲಿ ಜೋಗ, ಇಕ್ಕೇರಿ, ಬನವಾಸಿ ಇರುತ್ತವೆ. ಶಿಕಾರಿಪುರ, ಸೊರಬ ಹೆಚ್ಚಿನವರಿಗೆ ಬಸ್ಸು ಬದಲಿಸುವ ಊರುಗಳು ಮಾತ್ರ. ಆದರೆ ಕನ್ನಡದ ಮೊದಲ ಅರಸು ಮನೆತನ ಎನಿಸಿದ ಕದಂಬರ ಕಥೆ, ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನಗಳಲ್ಲೊಂದು, ವಚನ ಚಳವಳಿಯ ಇಬ್ಬರು ಮಹಾನುಭಾವರ ಹುಟ್ಟೂರು, 1942ರಲ್ಲಿ ತಾನೇ ಸ್ವತಂತ್ರ ಎಂದು ಸಾರಿಕೊಂಡ ಹಳ್ಳಿ, ಇವೆಲ್ಲ ಇರುವುದು ಇಲ್ಲಿಯೇ.

ಇವುಗಳಲ್ಲಿ ಹೆಚ್ಚಿನವು ತಾಲ್ಲೂಕು ಕೇಂದ್ರಗಳಲ್ಲಿ ಇಲ್ಲ. ಒಂದು ಕಾಲದಲ್ಲಿ ಮಹಾನಗರಗಳಾಗಿದ್ದ ಬಳ್ಳಿಗಾವಿ, ಬಂದಳಿಕೆ, ಕುಬಟೂರು, ಉದ್ರಿ ಇಂದು ಹಳ್ಳಿಗಳು. ಆಗ ಸದ್ದುಗದ್ದಲವಿಲ್ಲದೆ ಇದ್ದ ಊರುಗಳು ಈಗ ಪಟ್ಟಣಗಳು. ಶಿಕಾರಿಪುರದ ಹೆಸರೇ ಇದಕ್ಕೆ ಸಾಕ್ಷಿ. ಮೊದಲು ಇದು ಮಳಿಯನಹಳ್ಳಿ. ಕೆಳದಿ ಅರಸರ ಕಾಲದಲ್ಲಿ ಮಹಾದಾನಪುರವಾಯಿತು. ಮೈಸೂರು ಗೆಜೆಟಿಯರ್ ದಾಖಲಿಸಿದ ಪ್ರಕಾರ ಹೈದರಾಲಿ ಅಥವಾ ಟಿಪ್ಪು ಇಲ್ಲಿ ಬೇಟೆಗೆ ಬಂದಾಗ ಹೇರಳವಾಗಿ ಶಿಕಾರಿ ಸಿಕ್ಕಿದ್ದರಿಂದ ಶಿಕಾರಿಪುರ ಎಂಬ ಹೆಸರು ನಿಂತಿತು. ಸುತ್ತ ಅಷ್ಟು ದಟ್ಟ ಕಾಡಿತ್ತು ಎಂಬುದಂತೂ ಈ ಹೆಸರಿನಿಂದ ಖಚಿತ. ಸೊರಬದ ಹೆಸರಿನ ಕಥೆ ಬೇರೆ. ಸುರಭಿ ಎಂಬ ಹಸು ಇಲ್ಲಿನ ರಂಗನಾಥನ ಮೇಲೆ ಹಾಲು ಸುರಿಸುತ್ತಿತ್ತು, ಸುರಭಿಪುರವೇ ಸೊರಬವಾಯಿತು ಎಂದು ಸ್ಥಳಪುರಾಣ ಹೇಳುತ್ತದೆ.

ಶಿಕಾರಿಪುರಕ್ಕೆ ತನ್ನದೇ ಆದ ಹೆಗ್ಗಳಿಕೆಯೂ ಇದೆ. ಊರ ದೇವರು ಹುಚ್ಚರಾಯಸ್ವಾಮಿ, ಅಂದರೆ ಆಂಜನೇಯ. ಭಕ್ತರ ಬಾಯಲ್ಲಿ ಭ್ರಾಂತೇಶ. ಹಾವೇರಿ ಜಿಲ್ಲೆಯ ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ ಮತ್ತು ಈ ಭ್ರಾಂತೇಶ, ಮೂವರನ್ನೂ ಒಂದೇ ದಿನದಲ್ಲಿ ಕಂಡು ಬಂದರೆ ಕಾಶಿಗೆ ಹೋದಷ್ಟು ಪುಣ್ಯ ಎಂಬ ನಂಬಿಕೆ ಈ ಸೀಮೆಯಲ್ಲಿದೆ. ಮೂರು ಊರಿನ ನಡುವೆ ಈಗ ಜಿಲ್ಲೆಯ ಗಡಿ ಬಂದಿದ್ದರೂ ಯಾತ್ರೆ ಆ ಗಡಿಯನ್ನು ಲೆಕ್ಕಕ್ಕಿಟ್ಟಿಲ್ಲ.

ಈ ನಾಡಿನ ಬರಹದ ಚರಿತ್ರೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಿಂದ ಶುರುವಾಗುತ್ತದೆ. ಮಂಡ್ಯ ಜಿಲ್ಲೆಯ ಮಳವಳ್ಳಿ ಎಲ್ಲರಿಗೂ ಗೊತ್ತು. ಈ ಪುಟ್ಟ ಮಳವಳ್ಳಿ ಶಾಸನ ಓದುವವರಿಗೆ ಮಾತ್ರ ಗೊತ್ತು. ಇಲ್ಲಿನ ಒಂದು ಕಲ್ಲುಕಂಬದ ಮೇಲೆ ಬನವಾಸಿಯಿಂದ ಆಳುತ್ತಿದ್ದ ಚುಟು ವಂಶದ ಸಾತಕರ್ಣಿ ಪ್ರಾಕೃತ ಭಾಷೆಯಲ್ಲಿ ದಾನವೊಂದನ್ನು ಬರೆಸಿದ್ದಾನೆ. ಅದೇ ಕಂಬದ ಮೇಲೆ ಮುಂದಿನ ಕಾಲದ ಕದಂಬ ಅರಸನ ಬರಹವೂ ಇದೆ. ನಿಂತುಹೋಗಿದ್ದ ದಾನವನ್ನು ಆತ ಮತ್ತೆ ಚಾಲ್ತಿಗೆ ತಂದ. ಅರಸು ಮನೆತನ ಬದಲಾದರೂ ದೇವರಿಗೆ ಬಿಟ್ಟ ಭೂಮಿ ದೇವರದೇ ಎಂದು ಎರಡು ವಂಶಗಳು ಒಂದೇ ಕಲ್ಲಿನ ಮೇಲೆ ಬರೆದಿಟ್ಟ ದಾಖಲೆ ಇದು.

ಕದಂಬರು ಯಾರು, ಎಲ್ಲಿಂದ ಬಂದರು ಎಂಬುದನ್ನು ಹೇಳುವುದು ತಾಳಗುಂದ. ಇದೇ ತಾಲ್ಲೂಕಿನ ಶಿರಾಳಕೊಪ್ಪಕ್ಕೆ ಹತ್ತಿರದ ಈ ಊರಿನ ಹಳೆಯ ಹೆಸರು ಸ್ಥಾನಕುಂದೂರು. ಪ್ರಣವೇಶ್ವರ ಗುಡಿಯ ಮುಂದೆ ಎಂಟು ಮುಖದ ಒಂದು ಕಂಬವಿದೆ. ಅದರ ಮೇಲಿನ ಸಾಲುಗಳು ಅಡ್ಡಡ್ಡ ಹರಿಯುವುದಿಲ್ಲ. ಬುಡದಿಂದ ಶುರುವಾಗಿ ಮೇಲಕ್ಕೆ ಏರುತ್ತವೆ. ಕತ್ತು ವಾಲಿಸಿ ನೋಡದೆ ಒಂದಕ್ಷರವೂ ಹಿಡಿತಕ್ಕೆ ಸಿಗದು. ತಲೆಯ ಮೇಲೆ ಪೆಟ್ಟಿಗೆಯಂತಹ ಕಟ್ಟು ಇರುವ ಬ್ರಾಹ್ಮಿ ಅಕ್ಷರ, ಸಂಸ್ಕೃತ ಭಾಷೆ, 5ನೇ ಶತಮಾನದ ನಡುಭಾಗದ ಬರಹ. ಇದನ್ನು ರಚಿಸಿದವನು ಕುಬ್ಜನೆಂಬ ಕವಿ. ಅರಸ ಶಾಂತಿವರ್ಮನ ಅಪ್ಪಣೆಯಂತೆ ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದುದಾಗಿ ಅವನು ಹೇಳಿಕೊಂಡಿದ್ದಾನೆ.

1975ರ ‘ಮಯೂರ’ ಚಿತ್ರದಲ್ಲಿ ರಾಜಕುಮಾರ್ ಅಭಿನಯಿಸಿದ ಪಾತ್ರದ ಮೂಲ ಸಿಗುವುದು ಈ ಕಂಬದಲ್ಲಿಯೇ. ಮಯೂರಶರ್ಮ ಹುಟ್ಟಿದ ಬ್ರಾಹ್ಮಣ ಕುಟುಂಬದ ಮನೆಯ ಬಳಿ ಕದಂಬ ವೃಕ್ಷವಿತ್ತು, ಅದರಿಂದಲೇ ವಂಶಕ್ಕೆ ಆ ಹೆಸರು ಬಂತು ಎನ್ನುತ್ತದೆ ಶಾಸನ. ಆತ ತನ್ನ ಗುರು ವೀರಶರ್ಮನ ಜೊತೆ ಹೆಚ್ಚಿನ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡು ಸೇರಿದ ಮಯೂರ ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ, ಬಾಣರಿಂದ ಕಪ್ಪ ವಸೂಲಿ ಮಾಡಿ, ಕೊನೆಗೆ ಪಲ್ಲವರೇ ಪಶ್ಚಿಮ ಸಮುದ್ರದವರೆಗಿನ ನಾಡನ್ನು ಬಿಟ್ಟುಕೊಡುವಂತೆ ಮಾಡಿದ. ಇದು ನಡೆದದ್ದು 4ನೇ ಶತಮಾನದಲ್ಲಿ. ಶಾಸನದ ಮುಂದಿನ ಭಾಗದಲ್ಲಿ ಶಾಂತಿವರ್ಮನ ತಂದೆ ಕಾಕುಸ್ಥವರ್ಮ ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜವಂಶಗಳಿಗೆ ಕೊಟ್ಟ ಸಂಗತಿ ಬರುತ್ತದೆ. ಉತ್ತರ ಭಾರತದ ಗುಪ್ತ ಸಾಮ್ರಾಟರು ಕನ್ನಡನಾಡಿನ ಬೀಗರು! ಇಷ್ಟೆಲ್ಲ ಹೇಳಿದ ಶಾಸನ ಕೆತ್ತಿಸಿದ ನೆಪವಾದರೂ ಏನು? ಒಂದು ಕೆರೆ. ಕಾಕುಸ್ಥವರ್ಮ ಈ ದೇವಾಲಯದ ಬಳಿ ಕೆರೆ ಕಟ್ಟಿಸಿದ್ದ; ಅದನ್ನು ದಾಖಲಿಸಲು ಹೊರಟ ಕವಿ ಇಡೀ ವಂಶದ ಚರಿತ್ರೆ ಹೇಳಿಬಿಟ್ಟ. ಆ ಕೆರೆ ಕಟ್ಟದೇ ಇದ್ದಿದ್ದರೆ ಮಯೂರಶರ್ಮನ ಕಥೆ ಈ ರೂಪದಲ್ಲಿ ನಮಗೆ ಸಿಗುತ್ತಿರಲಿಲ್ಲ.

ತಾಳಗುಂದದ ನೆಲ ಇನ್ನೊಂದು ಕಾಣಿಕೆಯನ್ನು ಬಹುಕಾಲ ಅಡಗಿಸಿಟ್ಟುಕೊಂಡಿತ್ತು. 2013ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಗುಡಿಯ ಆವರಣದಲ್ಲಿ ಉತ್ಖನನ ನಡೆಸಿದಾಗ ಮೆಟ್ಟಿಲ ಬದಿಯ ಸಿಂಹಕಟಾಂಜನವೊಂದು ಹೊರಬಂತು. ಅದರ ಮೇಲೆ ಸಂಸ್ಕೃತ ಮತ್ತು ಕನ್ನಡ ಎರಡೂ ಭಾಷೆಯ ಬರಹವಿತ್ತು. ಇಲಾಖೆ ಅದರ ಕಾಲವನ್ನು ಕ್ರಿ.ಶ. 370 ಎಂದು ಗುರುತಿಸಿತು. ಅದುವರೆಗೆ ಶಾಲೆಯ ಪುಸ್ತಕಗಳಲ್ಲಿ ಕನ್ನಡದ ಮೊದಲ ಶಾಸನ ಎಂದರೆ ಹಾಸನ ಜಿಲ್ಲೆಯ ಹಲ್ಮಿಡಿ, ಸುಮಾರು ಕ್ರಿ.ಶ. 450. ಈ ಗಣನೆಯಂತೆ ಕನ್ನಡ ಬರಹದ ವಯಸ್ಸು ಸುಮಾರು 80 ವರ್ಷ ಹಿಂದಕ್ಕೆ ಹೋಯಿತು. ಕಾಲನಿರ್ಣಯದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದ್ದೇ ಇದೆ. ಆದರೆ ಕನ್ನಡದ ಹುಟ್ಟನ್ನು ಹುಡುಕುವವರು ತಾಳಗುಂದವನ್ನು ದಾಟಿ ಹೋಗುವಂತಿಲ್ಲ ಎಂಬುದು ಈಗ ಇತ್ಯರ್ಥವಾಗಿದೆ.

ತಾಳಗುಂದಕ್ಕೆ ಹತ್ತಿರವೇ ಬಳ್ಳಿಗಾವಿ. ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮೆ. ಇಲ್ಲಿನ ಹಳೆಯ ಶಾಸನ ಬಾದಾಮಿ ಚಾಲುಕ್ಯ ವಿನಯಾದಿತ್ಯನ ಕಾಲದ್ದು, ಸೇಂದ್ರಕ ಪೊಗಿಲ್ಲಿ ಎಂಬ ಮಾಂಡಲಿಕನದು. ಅಲ್ಲಿಂದ ಮುನ್ನೂರು ನಾನೂರು ವರ್ಷ ಕಳೆಯುವ ಹೊತ್ತಿಗೆ, ಕಲ್ಯಾಣದ ಚಾಲುಕ್ಯರ ಕೆಳಗೆ, ಇದು ಬನವಾಸಿ ಹನ್ನೆರಡು ಸಾಸಿರ ಎಂಬ ದೊಡ್ಡ ಪ್ರಾಂತ್ಯದ ರಾಜಧಾನಿ. ಏಳು ಬ್ರಹ್ಮಪುರಿ, ಐದು ಮಠ, ಮೂರು ಪುರ, ವ್ಯಾಪಾರಿಗಳ ದೊಡ್ಡ ಕೂಟ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರಿಗೂ ಇಲ್ಲಿ ನೆಲೆ ಇತ್ತು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ನಾಗಿಯಕ್ಕ ಎಂಬ ಹೆಣ್ಣುಮಗಳು ತಾರಾ ಭಗವತಿಯ ವಿಗ್ರಹ ಮಾಡಿಸಿದಳು. ಬೌದ್ಧ ಧರ್ಮ ಕರ್ನಾಟಕದಿಂದ ಬಹುತೇಕ ಮರೆಯಾಗಿತ್ತು ಎಂದು ನಾವು ತಿಳಿದಿರುವ ಕಾಲದಲ್ಲಿ ಮಲೆನಾಡಿನ ಅಂಚಿನ ಈ ಊರಿನಲ್ಲಿ ಅದು ಜೀವಂತವಾಗಿತ್ತು.

ಊರಿನ ಕೋಡಿಯ ಮಠದ ಬಗ್ಗೆ ನಿಂತು ಹೇಳಬೇಕು. ಕೆರೆ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ದೇವರು ದಕ್ಷಿಣ ಕೇದಾರೇಶ್ವರ. ಗುರುಗಳು ಕಾಳಾಮುಖ ಶೈವರು. ಕಳಚೂರಿ ಬಿಜ್ಜಳನ ಆಳ್ವಿಕೆಯ 1162ರ ಶಾಸನ ಈ ಮಠದ ದಿನಚರಿಯನ್ನೇ ಕಣ್ಣಮುಂದೆ ತರುತ್ತದೆ. ನಾಲ್ಕು ವೇದಗಳ ಓದು, ಪಾಣಿನಿ, ಶಾಕಟಾಯನ ಮೊದಲಾದ ವ್ಯಾಕರಣಗಳ ಪಾಠ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ದರ್ಶನಗಳು, ಅವುಗಳ ಜೊತೆಗೆ ಬೌದ್ಧ ದರ್ಶನ, ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಪಾಠ ಮುಗಿದ ಮೇಲೆ ಅನ್ನ. ದೀನರು, ಕುರುಡರು, ಕುಂಟರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕೊಳಲು ಊದುವವರು, ಕುಣಿಯುವವರು, ಯಾರು ಬಂದರೂ ಊಟ. ಕಾಯಿಲೆ ಬಿದ್ದ ಅನಾಥರಿಗೆ ಮದ್ದು. ಒಂದೇ ಸೂರಿನಡಿ ವಿಶ್ವವಿದ್ಯಾಲಯ, ದಾಸೋಹ, ಆಸ್ಪತ್ರೆ. ಎದುರಾಳಿ ಮತದ ದರ್ಶನವನ್ನೂ ಶೈವ ಮಠವೊಂದು ತನ್ನ ಪಠ್ಯದಲ್ಲಿ ಸೇರಿಸಿಕೊಂಡಿತ್ತು ಎಂಬುದು ಈ ಪಟ್ಟಿಯಲ್ಲೆಲ್ಲ ದೊಡ್ಡ ಮಾತು. ಇದೇ ಬಿಜ್ಜಳನ ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಕಾಲವೂ ಅದೇ.

ಕೇದಾರೇಶ್ವರ ಗುಡಿ ಈಗಲೂ ನಿಂತಿದೆ. ಮೂರು ಗರ್ಭಗುಡಿಯ ತ್ರಿಕೂಟಾಚಲ, ಹೊಳಪಿನ ಕಂಬಗಳು, ಶಿಖರದ ಮುಂದೆ ಹೊಯ್ಸಳ ಲಾಂಛನ. ಊರೊಳಗಿನ ತ್ರಿಪುರಾಂತಕೇಶ್ವರ ಗುಡಿಯನ್ನು ಜನ ಅಷ್ಟಾಗಿ ನೋಡುವುದಿಲ್ಲ. ಆದರೆ ಅಧಿಷ್ಠಾನದ ಪಟ್ಟಿಕೆಯಲ್ಲಿ ಪಂಚತಂತ್ರದ ಕಥೆಗಳಿವೆ. ಮಂಡಿಯೂರಿ ನೋಡಿದರೆ ಅಂಗೈಯಗಲದ ಪ್ರಾಣಿಗಳು ಕಥೆ ಹೇಳುತ್ತವೆ. ಇನ್ನೊಂದು ಕಡೆ ಸುಮಾರು ಮೂವತ್ತು ಅಡಿ ಎತ್ತರದ ಕಂಬ. 1047ರಲ್ಲಿ ಬನವಾಸಿಯ ಅಧಿಪತಿ ಚಾಮುಂಡರಾಯರಸ ಇದನ್ನು ನಿಲ್ಲಿಸಿ ಗಂಡಭೇರುಂಡವನ್ನು ಪ್ರತಿಷ್ಠಾಪಿಸಿದ. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಈ ಸೀಮೆಯ ಶಾಸನಗಳಲ್ಲಿ ಹೊಲ ಅಳೆಯುವ ಕೋಲಿಗೂ ‘ಭೇರುಂಡ ಗಳೆ’ ಎಂಬ ಹೆಸರಿದೆ. ಇಂದು ಕರ್ನಾಟಕ ಸರ್ಕಾರದ ಪ್ರತಿ ಆದೇಶದ ನೆತ್ತಿಯ ಮೇಲೆ ಕಾಣುವ ಗಂಡಭೇರುಂಡಕ್ಕೆ ಸಾವಿರ ವರ್ಷ ಹಿಂದಿನ ಹಿರಿಯಣ್ಣ ಬಳ್ಳಿಗಾವಿಯಲ್ಲಿದ್ದಾನೆ.

ಬಳ್ಳಿಗಾವಿಯ ಕೈಚಳಕ ನೋಡಲು ಬೇಲೂರಿಗೂ ಹೋಗಬಹುದು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಹಲವು ಶಿಲ್ಪಗಳ ಕೆಳಗೆ ಬಳ್ಳಿಗ್ರಾಮೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರು ಕೆತ್ತಿದೆ. ಬೇಲೂರಿನ ಮದನಿಕೆಯರನ್ನು ಹೊಗಳುವವರು ಆ ಅಪ್ಪ ಮಕ್ಕಳ ಊರನ್ನೂ ನೆನೆಯಬೇಕು. ಬೇಲೂರನ್ನು ಕಟ್ಟಿಸಿದ ವಿಷ್ಣುವರ್ಧನನ ರಾಣಿ ಶಾಂತಲೆಯ ತವರೂ ಇದೇ ಊರು ಎನ್ನುತ್ತದೆ ಪರಂಪರೆ.

ಕಲ್ಲಿಗಿಂತ ದೊಡ್ಡ ಕೊಡುಗೆ ಮಾತಿನದು. ಅನುಭವ ಮಂಟಪದ ಶೂನ್ಯಪೀಠವನ್ನೇರಿದ ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವಿಯಲ್ಲಿ. ಅರಸ ಕೌಶಿಕನ ಅರಮನೆಯನ್ನು ತೊರೆದು, ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತ ಕಲ್ಯಾಣಕ್ಕೆ, ಮುಂದೆ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿ ಹುಟ್ಟಿದ್ದು ಉಡುತಡಿಯಲ್ಲಿ, ಈಗಿನ ಉಡುಗಣಿಯಲ್ಲಿ. ಎರಡೂ ಊರು ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿಯೇ. ಅಲ್ಲಮ ಅಕ್ಕನನ್ನು ಪ್ರಶ್ನೆಗಳಿಂದ ಒರೆಗೆ ಹಚ್ಚಿದ ಕಲ್ಯಾಣದ ಪ್ರಸಂಗ ಕನ್ನಡಿಗರಿಗೆಲ್ಲ ಪರಿಚಿತ. ಇಬ್ಬರೂ ನೆರೆಹೊರೆಯ ಊರಿನವರು ಎಂಬುದು ಮಾತ್ರ ಅನೇಕರಿಗೆ ಹೊಳೆದಿರುವುದಿಲ್ಲ.

ಇದೇ ತಾಲ್ಲೂಕಿನ ಬಂದಳಿಕೆ ಈಗ ಕುರುಚಲು ಕಾಡಿನ ನಡುವೆ ಉಳಿದಿರುವ ಗುಡಿಗಳ ಗುಂಪು. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ಸೋಮೇಶ್ವರ ದೇವಾಲಯ ಇಲ್ಲಿವೆ. ಆಗ ಇದು ನಾಗರಖಂಡ ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. 10ನೇ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಈ ನಾಡಿನ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಅವಳು ಎಪ್ಪತ್ತು ಊರುಗಳ ಆಡಳಿತವನ್ನು ದಕ್ಷವಾಗಿ ನಡೆಸಿದಳು. ಕಾಯಿಲೆ ಬಿದ್ದು ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದಾಗ ಜವಾಬ್ದಾರಿಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಬಂದ ಅಧಿಕಾರ ಇದು. ಕರ್ನಾಟಕದ ಆಡಳಿತದಲ್ಲಿ ಹೆಣ್ಣಿನ ಪಾತ್ರದ ಮಾತು ಬಂದಾಗ ಕಿತ್ತೂರು, ಕೆಳದಿ ರಾಣಿಯರ ಹೆಸರಿಗೆ ಎಂಟುನೂರು ವರ್ಷ ಮೊದಲಿನ ಈ ಹೆಸರೂ ಸೇರಬೇಕು.

ಸೊರಬ ತಾಲ್ಲೂಕು ಶಾಸನಗಳ ಕಣಜ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟದಲ್ಲಿ ಈ ಒಂದು ತಾಲ್ಲೂಕಿನ ಶಾಸನಗಳೇ ಐನೂರಕ್ಕೂ ಮಿಕ್ಕಿವೆ. ಅವುಗಳಲ್ಲಿ ವಿನಯಾದಿತ್ಯನ 692ರ ತಾಮ್ರಪಟವೂ ಒಂದು. ಆಳುಪ ಅರಸ ಚಿತ್ರವಾಹನನ ಕೋರಿಕೆಯ ಮೇಲೆ ಕೊಟ್ಟ ದಾನ ಅದು. ಆದರೆ ಸೊರಬದ ನಿಜವಾದ ಸಂಪತ್ತು ಅರಸರದಲ್ಲ, ಸಾಮಾನ್ಯ ಹಳ್ಳಿಗರದು. ತುರುಗೋಳಿನಲ್ಲಿ ದನ ಬಿಡಿಸಿಕೊಳ್ಳಲು ಹೋಗಿ ಸತ್ತವರು, ಊರ ಗಡಿಗಾಗಿ ಕಾದಿದವರು, ಹೆಣ್ಣುಮಕ್ಕಳ ಮಾನ ಕಾಯಲು ಕತ್ತಿ ಹಿಡಿದವರು, ಇವರ ಹೆಸರು ವೀರಗಲ್ಲುಗಳಲ್ಲಿ ಉಳಿದಿದೆ. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ: ಬಿಲ್ಲು ಎಳೆದ ವೀರ, ಎದುರಿಗೆ ಗುರಾಣಿ ಹಿಡಿದವರು, ಹಿಂದೆ ಸಾಲಾಗಿ ದನಗಳು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಲಿಂಗದ ಮುಂದೆ ಕೈ ಮುಗಿದು ಕುಳಿತ ಅದೇ ವೀರ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಪಕ್ಕದಲ್ಲಿ ಸತಿ ಹೋದವಳ ನೆನಪಿನ, ಬಳೆ ತೊಟ್ಟ ತೋಳು ಮೇಲೆತ್ತಿದ ಮಾಸ್ತಿಕಲ್ಲು ಇದ್ದರೆ ಆ ಮನೆಯ ದುಃಖ ಅಲ್ಲಿಗೇ ಮುಗಿಯಲಿಲ್ಲ ಎಂದು ತಿಳಿಯುತ್ತದೆ. ಹಳೆಯ ಉದ್ಧರೆ, ಈಗಿನ ಉದ್ರಿ, ಇಂಥ ಕಲ್ಲುಗಳಿಗೂ ಸಲ್ಲೇಖನದಿಂದ ದೇಹ ಬಿಟ್ಟವರ ನೆನಪಿನ ಜೈನ ನಿಸಿದಿಗಳಿಗೂ ಹೆಸರಾದ ಊರು.

ಆನವಟ್ಟಿಯ ಬಳಿಯ ಕುಬಟೂರಿನಲ್ಲಿ ಸುಮಾರು 1100ರ ಕೈಟಭೇಶ್ವರ ದೇವಾಲಯವಿದೆ, ಸ್ಥಳೀಯರಿಗೆ ಕೋಟೀಶ್ವರ. ಯಕ್ಷಗಾನದ ಚಂದ್ರಹಾಸನ ಕುಂತಳ ನಗರ ಇದೇ ಎಂಬ ನಂಬಿಕೆ ಇಲ್ಲಿ ಬಲವಾಗಿದೆ. ಮುಖ್ಯಮಂತ್ರಿಯಾಗಿದ್ದ ಎಸ್. ಬಂಗಾರಪ್ಪನವರ ಹುಟ್ಟೂರು ಕೂಡ ಕುಬಟೂರು. ನೆರೆಯ ಶಿಕಾರಿಪುರ ಕ್ಷೇತ್ರದಿಂದ ಗೆದ್ದ ಬಿ.ಎಸ್. ಯಡಿಯೂರಪ್ಪನವರು ನಾಲ್ಕು ಬಾರಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಚಂದ್ರಗುತ್ತಿ ಬೆಟ್ಟ ಸೊರಬದ ಇನ್ನೊಂದು ಗುರುತು. ಎತ್ತರ 2,794 ಅಡಿ. ಮೇಲೆ ಕೋಟೆ, ಕೆಳಗೆ ಬಂಡೆಯ ಗುಹೆಯಲ್ಲಿ ರೇಣುಕಾಂಬೆ. ವಿಜಯನಗರದ ಹರಿಹರನ ತಮ್ಮ ಮಾರಪ್ಪ ಇಲ್ಲಿಂದ ಆಳಿದ. ಮುಂದೆ ಈ ಪ್ರಾಂತ್ಯದ ಅಧಿಪತಿಯಾದವನು ಗೋವೆಯನ್ನು ಗೆದ್ದ ಮಾಧವಮಂತ್ರಿ. ಅವನು ದೂರದ ಕಾಶ್ಮೀರದ ಬ್ರಾಹ್ಮಣರಿಗೆ ಈ ಸೀಮೆಯಲ್ಲಿ ಭೂದಾನ ಮಾಡಿದ್ದನ್ನು 1368ರ ಶಾಸನ ಹೇಳುತ್ತದೆ. ಹರಕೆ ಹೊತ್ತವರು ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಗೆ ನಡೆಯುವ ಸೇವೆ ಇಲ್ಲಿ ರೂಢಿಯಲ್ಲಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದವರ ಮೇಲೆ ಹಲ್ಲೆ ನಡೆದು ಗಲಭೆಯಾಯಿತು. ಸರ್ಕಾರ ತನಿಖೆ ನಡೆಸಿ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ದೇವಿಯ ಜಾತ್ರೆ ನಿಂತಿಲ್ಲ. ಹೆಣ್ಣುಮಕ್ಕಳ ಮಾನ ಕಳೆಯುವ ಆ ರೂಢಿಗೆ ತಡೆ ಬಿತ್ತು. ಅದು ಆಗಬೇಕಾದ ಕೆಲಸವೇ ಆಗಿತ್ತು.

ಸೊರಬದ ಕಾನುಗಳ ಬಗ್ಗೆ ಹೊರಗಿನವರಿಗೆ ತಿಳಿದದ್ದು ಕಡಿಮೆ. ಕಾನು ಎಂದರೆ ಬರಿಯ ಕಾಡಲ್ಲ. ಸುತ್ತ ಎಲೆ ಉದುರಿಸುವ ಮರಗಳಿದ್ದರೂ ನಡುವೆ ವರ್ಷವಿಡೀ ಹಸಿರಾಗಿರುವ, ನೀರ ಒರತೆಯಿರುವ, ಹೆಚ್ಚಾಗಿ ದೇವರಿಗೆ ಬಿಟ್ಟ ದಟ್ಟ ಕಾಡು. ಕೊಡಲಿ ಒಳಗೆ ಹೋಗುತ್ತಿರಲಿಲ್ಲ; ಜನ ಕಾಳುಮೆಣಸು, ಬಗನಿ ಮರದ ಕಳ್ಳು, ಮುರುಗಲು, ಉಪ್ಪಾಗೆ ತರುತ್ತಿದ್ದರು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು 1868ರಲ್ಲಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದರು. ವಿಸ್ತೀರ್ಣ ಸುಮಾರು 13,000 ಹೆಕ್ಟೇರ್. ಜನ ತಾವೇ ಕಾಪಾಡಿಕೊಂಡ ಇಷ್ಟು ದೊಡ್ಡ ಹಸಿರು ಆಮೇಲೆ ಕಾನೂನು, ಗುತ್ತಿಗೆ, ಒತ್ತುವರಿಗಳ ನಡುವೆ ತುಂಡುತುಂಡಾಯಿತು. ಉಳಿದ ತುಂಡುಗಳು ಈಗಲೂ ಕೆರೆಗಳಿಗೆ ನೀರೂಡುತ್ತಿವೆ. ಗುಡವಿಯ ಕೆರೆಗೆ ಮಳೆಗಾಲದಲ್ಲಿ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಚಮಚದ ಕೊಕ್ಕುಗಳು ಬಂದು ನೀರಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟುತ್ತವೆ. ಇದೇ ಕಾಡಿನ ಶ್ರೀಗಂಧ ಗುಡಿಗಾರರ ಉಳಿಗೆ ಸಿಕ್ಕಿ ಸೊರಬ, ಸಾಗರದ ಹೆಸರನ್ನು ಲೋಕಕ್ಕೆಲ್ಲ ಹಬ್ಬಿಸಿತು.

ಶಿಕಾರಿಪುರ ತಾಲ್ಲೂಕಿನ ಈಸೂರು ಇಪ್ಪತ್ತನೆಯ ಶತಮಾನದ ವೀರಗಲ್ಲು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ, ಸೆಪ್ಟೆಂಬರ್ ತಿಂಗಳಲ್ಲಿ, ಊರವರು ವೀರಭದ್ರನ ಗುಡಿಯ ಮೇಲೆ ತ್ರಿವರ್ಣ ಧ್ವಜ ಹಾರಿಸಿ ತಮ್ಮದೇ ಸರ್ಕಾರ ಘೋಷಿಸಿದರು. ಅಮಲ್ದಾರ, ಸಬ್‌ ಇನ್‌ಸ್ಪೆಕ್ಟರ್ ಪದವಿಗಳಿಗೆ ಹುಡುಗರನ್ನು ನೇಮಿಸಿದರು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಹುಟ್ಟಿತು. ಸರ್ಕಾರದ ಅಮಲ್ದಾರ ಪೊಲೀಸರೊಂದಿಗೆ ಬಂದಾಗ ಘರ್ಷಣೆಯಾಗಿ ಅಮಲ್ದಾರ ಮತ್ತು ಸಬ್‌ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಆಮೇಲೆ ಪಡೆಗಳು ಊರಿಗೆ ನುಗ್ಗಿದವು. ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ದೇಶ ಸ್ವತಂತ್ರವಾಗಲು ಇನ್ನೂ ನಾಲ್ಕು ವರ್ಷ ಇತ್ತು.

ತಾಳಗುಂದದ ಸಿಂಹದ ಕಲ್ಲು ಹೊರಬಂದದ್ದು ಹೊಸ ಜಾಗದಲ್ಲಲ್ಲ, ನೂರಕ್ಕೂ ಹೆಚ್ಚು ವರ್ಷದಿಂದ ವಿದ್ವಾಂಸರು ಓಡಾಡಿದ ಅಂಗಳದಲ್ಲಿ. ಹೀಗಿರುವಾಗ ಈ ತಾಲ್ಲೂಕುಗಳ ಹೊಲದ ಬದು, ಕೆರೆ ಏರಿ, ಹಾಳು ಗುಡಿಗಳಲ್ಲಿ ಏನೇನು ಉಳಿದಿದೆಯೋ. ಗದ್ದೆ ಸಮ ಮಾಡುವಾಗ, ಮನೆಯ ಪಾಯ ತೋಡುವಾಗ ಅಕ್ಷರವಿರುವ ಕಲ್ಲು ಸಿಕ್ಕರೆ ಅದನ್ನು ಬಟ್ಟೆ ಒಗೆಯಲು, ಚರಂಡಿ ಮುಚ್ಚಲು ಬಳಸಬಾರದು. ಸುಣ್ಣ, ಎಣ್ಣೆ ಬಳಿಯಬಾರದು. ಇದ್ದ ಜಾಗದಲ್ಲೇ ಬಿಟ್ಟು, ಫೋಟೋ ತೆಗೆದು, ಗ್ರಾಮ ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು.